ಪಾಸಿನವರು, ಪೆಟ್ರೋಲಿನವರು

ಕನ್ನಡ ಪಾಠ ಮಾಡುವವರಿಗೆ ವಯಸ್ಸು ನಲವತ್ತೈದು ದಾಟುತ್ತಿದ್ದಂತೆ ಎರಡು ಕಾಯಿಲೆ ಬರುತ್ತವೆ. ಒಂದು ಸಕ್ಕರೆ ಕಾಯಿಲೆ, ಇನ್ನೊಂದು ಕಾದಂಬರಿ. ಮೊದಲನೆಯದಕ್ಕೆ ಮಾತ್ರೆಯಿದೆ, ಎರಡನೆಯದನ್ನು ಮನೆಯವರು ಸಹಿಸಿಕೊಳ್ಳಬೇಕು. ನನಗೆ ಎರಡೂ ಒಂದೇ ವರ್ಷ ಅಂಟಿಕೊಂಡವು. ಊಟವಾದ ಮೇಲೆ ನಾನು ಹಾಳೆ ಹಿಡಿದು "ಗಿರಿಜಾ, ಇದೊಂದು ಪ್ಯಾರಾ ಕೇಳು" ಎಂದರೆ ಸಾಕು, ನನ್ನ ಹೆಂಡತಿಗೆ ಹಿತ್ತಿಲಲ್ಲಿ ಒಣಹಾಕಿದ ಬಟ್ಟೆಯ ನೆನಪಾಗಿಬಿಡುತ್ತಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಬಟ್ಟೆ ಒಣಗಿದಷ್ಟು ಇನ್ಯಾವ ವರ್ಷವೂ ಒಣಗಿಲ್ಲ.

ಕಾದಂಬರಿಯ ವಸ್ತು ಕಾಲೇಜಿನಲ್ಲೇ ಸಿಕ್ಕಿತ್ತು. ನಾನಿರುವುದು ಯಳಂದೂರಿನಲ್ಲಿ, ಪಾಠ ಮಾಡುವುದು ಕೊಳ್ಳೇಗಾಲದ ಒಂದು ಡಿಗ್ರಿ ಕಾಲೇಜಿನಲ್ಲಿ, ದಿನದ ಓಡಾಟ ಕಾರಿನಲ್ಲಿ. ಮೊದಲ ವರ್ಷದ ತರಗತಿಯಲ್ಲಿ ಎರಡು ಗುಂಪು. ಹನೂರು, ಒಡೆಯರಪಾಳ್ಯದ ಕಡೆಯಿಂದ ಬಸ್ ಪಾಸಿನಲ್ಲಿ ಬರುವವರು ಪಾಸಿನವರು. ಊರೊಳಗಿನ ಅಂಗಡಿ, ಮಿಲ್ಲುಗಳ ಮನೆಯಿಂದ ಬೈಕಿನಲ್ಲಿ ಬರುವವರು ಪೆಟ್ರೋಲಿನವರು. ಹೆಸರಿಟ್ಟುಕೊಂಡವರು ಅವರೇ. ಅಮಾವಾಸ್ಯೆ ಬಂತೆಂದರೆ ಮಾದಪ್ಪನ ಬೆಟ್ಟದ ಭಕ್ತರಿಂದ ಬಸ್ಸು ತುಂಬಿ ಪಾಸಿನವರು ತಡವಾಗಿ ಬರುತ್ತಿದ್ದರು. ಪೆಟ್ರೋಲಿನವರು "ಪ್ರಸಾದ ಎಲ್ರೋ?" ಎಂದು ಕಿಚಾಯಿಸುತ್ತಿದ್ದರು. ಸಂಜೆ ಹೊತ್ತಿಗೆ ಯಾವುದೋ ಒಂದು ಬೈಕಿನ ಚಕ್ರದಲ್ಲಿ ಗಾಳಿ ಇರುತ್ತಿರಲಿಲ್ಲ.

ನಾನೂ ಸತ್ತೇಗಾಲದಿಂದ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಬಂದು ಓದಿದವನು. ಹಾಗಾಗಿ ನನ್ನ ಒಲವು ಯಾರ ಕಡೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ನನ್ನ ಬಡ ನಾಯಕನ ಚಪ್ಪಲಿ ಪ್ರತಿ ಅಧ್ಯಾಯದಲ್ಲೂ ಕಿತ್ತುಹೋಗುತ್ತಿತ್ತು. ಶ್ರೀಮಂತ ಹುಡುಗನ ಬೈಕು ಪ್ರತಿ ಅಧ್ಯಾಯದಲ್ಲೂ ಅವನ ಮೇಲೆ ಕೆಸರು ಹಾರಿಸುತ್ತಿತ್ತು. "ರೀ, ಕತೆ ನಡೆಯೋದು ಏಪ್ರಿಲ್‌ನಲ್ಲಿ ಅಂದ್ರಿ, ಕೆಸರು ಎಲ್ಲಿಂದ ಬಂತು?" ಎಂದು ಗಿರಿಜಾ ಒಮ್ಮೆ ಕೇಳಿದಳು. ನಿನಗೆ ಸಾಹಿತ್ಯ ಅರ್ಥವಾಗುವುದಿಲ್ಲ ಎಂದೆ. ಅವಳು ಬಟ್ಟೆ ತರಲು ಹೋದಳು.

ಮನೆಯಲ್ಲಿ ಕೇಳುವವರಿಲ್ಲದೆ ಕೊನೆಗೆ ತರಗತಿಯಲ್ಲೇ ಓದಿದೆ. ಹಾಜರಿ ಬೇಕಾದ ಮಕ್ಕಳು ಎದ್ದು ಹೋಗುವಂತಿಲ್ಲವಲ್ಲ! ಸುದ್ದಿ ಪ್ರಿನ್ಸಿಪಾಲರಿಗೆ ಮುಟ್ಟಿ, ಕಾಲೇಜು ವಾರ್ಷಿಕೋತ್ಸವಕ್ಕೆ ಇದನ್ನೇ ನಾಟಕ ಮಾಡಿಸಿ ಎಂದರು. ನಾನು ಉಬ್ಬಿಹೋದೆ. ಪಾತ್ರ ಹಂಚಲು ಕೂತಾಗ ತೊಂದರೆ ಶುರುವಾಯಿತು.

ಮೊದಲು ಎದ್ದವನು ಪ್ರಜ್ವಲ್. ರೈಸ್ ಮಿಲ್ ಮಾಲೀಕರ ಮಗ, ಪೆಟ್ರೋಲಿನವರ ಮುಖಂಡ. "ಸರ್, ಬಡವನ ಪಾರ್ಟು ನಂಗೆ ಕೊಡಿ. ಒಳ್ಳೊಳ್ಳೆ ಡೈಲಾಗೆಲ್ಲ ಅವನಿಗೇ ಬರೆದಿದೀರಿ" ಎಂದ. ಹಿಂದಿನ ಬೆಂಚಿನಿಂದ ಮಾದೇಶ ಎದ್ದ. ಹನೂರು ಕಡೆಯ ಹಳ್ಳಿಯವನು, ರಜೆಯಲ್ಲಿ ಮಾವನ ಗೂಡ್ಸ್ ಆಟೋ ಓಡಿಸುವವನು, ಪಾಸಿನವರ ನಾಯಕ. "ಅಂಗಾರ ಸಾವ್ಕಾರ್ ಮಗನ ಪಾರ್ಟು ನಂಗ ಕೊಡಿ ಸಾ. ಬಡವ್ನ ಪಾರ್ಟು ದಿನಾ ಮಾಡಿ ಮಾಡಿ ಸಾಕಾಗೋಗದ."

ಇದೇ ಅಲ್ಲವೇ ರಂಗಭೂಮಿಯ ಸಾಧ್ಯತೆ ಎಂದುಕೊಂಡು ಒಪ್ಪಿದೆ.

ತಾಲೀಮಿಗೆ ಪ್ರಜ್ವಲ್ ದುಬಾರಿ ಹರಕಲು ಜೀನ್ಸ್ ಹಾಕಿ, ಮುಖಕ್ಕೆ ಮಸಿ ಬಳಿದುಕೊಂಡು ಬಂದ. ಪ್ರತಿ ಮಾತಿಗೂ ಬಿಕ್ಕಿದ, ನಡುನಡುವೆ ಕೆಮ್ಮಿದ. ಪಾಸಿನವರ ಸಾಲಿನಿಂದ ನಂದಿನಿ ಕೈ ಎತ್ತಿದಳು. "ಸಾ, ಇವ್ನ್ಯಾಕ ಇಂಗ್ ಕೆಮ್ತಾನ? ಬಡವ್ರಿಗೆಲ್ಲ ಟಿಬಿನಾ?" ನಾನು ಪ್ರಜ್ವಲ್‌ನನ್ನು ಗದರಿದೆ. "ನೀವೇ ಬರೆದಿರೋದು ಸರ್" ಎಂದು ಅವನು ಹಾಳೆ ತೋರಿಸಿದ. ಹೌದು, ಬರೆದಿದ್ದೆ. "ನಾವು ಬಸ್ನಲ್ಲಿ ಅಳ್ಕಂಡು ಬರದಿಲ್ಲ ಸಾ, ಆಡೇಳ್ಕಂಡು ಬತ್ತೀವಿ" ಎಂದಳು ನಂದಿನಿ. ನನ್ನ ಕಾದಂಬರಿಯ ಬಸ್ಸಿನಲ್ಲಿ ಒಂದೇ ಒಂದು ಹಾಡೂ ಇರಲಿಲ್ಲ.

ಆಮೇಲೆ ಮಾದೇಶ ರಂಗಕ್ಕೆ ಬಂದ. ಬೆರಳಲ್ಲಿ ಬೈಕಿನ ಕೀ ತಿರುಗಿಸುತ್ತ, ಫೋನನ್ನು ಕಿವಿಗಿಟ್ಟು "ಡ್ಯಾಡ್, ಈ ಬೈಕು ಹಳೇದಾಯ್ತು" ಎಂದ. ಆ ನಡಿಗೆ, ಕೂದಲು ಹಿಂದಕ್ಕೆ ತಳ್ಳುವ ರೀತಿ ಎಲ್ಲ ಥೇಟ್ ಪ್ರಜ್ವಲ್. ತರಗತಿ ಬಿದ್ದುಬಿದ್ದು ನಕ್ಕಿತು. ಪೆಟ್ರೋಲಿನವರೂ ನಕ್ಕರು. ಅದೇ ಪ್ರಜ್ವಲ್‌ಗೆ ತಡೆಯಲಾಗಲಿಲ್ಲ. ಮಾದೇಶನ ಕೊರಳಪಟ್ಟಿ ಹಿಡಿದ. "ನಮ್ಮಪ್ಪನ ಮುಂದೆ ಹಿಂಗೆ ಮಾತಾಡೋಕಾಗುತ್ತೇನೋ? ಕಾಲೇಜು ಬಿಟ್ಟಮೇಲೆ ಮಿಲ್ಲಲ್ಲಿ ಮೂಟೆ ತೂಗ್ತೀನಿ ನಾನು. ಹಮಾಲರ ಮುಂದೇನೇ ಬೈತಾರೆ ನನ್ನ, ಗೊತ್ತಾ ನಿಂಗೆ?" ಮಾದೇಶನೂ ಬಿಡಲಿಲ್ಲ. ಮೇಜು ಉರುಳಿತು, ಪ್ರಿನ್ಸಿಪಾಲರು ಓಡಿಬಂದರು. ಇನ್ನೊಂದು ಸಲ ಹೀಗಾದರೆ ನಾಟಕವೂ ಇಲ್ಲ, ಇವರಿಬ್ಬರಿಗೆ ಪರೀಕ್ಷೆಯೂ ಇಲ್ಲ ಎಂದು ಹೇಳಿಹೋದರು.

ನಾನು ಬರೆದ ಕೆಮ್ಮು, ಕೆಸರಿನಿಂದ ಇಬ್ಬರು ಹುಡುಗರ ಓದು ನಿಂತರೆ! ನಾನು ಬೆವರು ಒರೆಸಿಕೊಳ್ಳುತ್ತಿದ್ದಾಗ ನಂದಿನಿಯೇ ತೀರ್ಪು ಕೊಟ್ಟಳು. "ಲೇ ಪ್ರಜ್ವಲ್, ನೀನು ಇವತ್ತು ನಮ್ಜೊತ ಬಸ್ಗ ಬಾ. ಲೇ ಮಾದೇಶ, ನಿಂಗ ಲೈಸೆನ್ಸ್ ಅದಲ್ಲ, ಅವ್ನ ಬೈಕ್ ತಕಂಡು ಊರ್ಗ ಓಗು. ಆಮೇಲ್ ಬಂದು ಜಗಳ ಆಡ್ರಿ." ಇಬ್ಬರೂ ಹಟಕ್ಕೆ ಬಿದ್ದು ಒಪ್ಪಿದರು.

ಮರುದಿನ ಪ್ರಜ್ವಲ್ ಬಂದಾಗ ಅವನ ಗಂಟಲು ಪೂರ್ತಿ ಕಟ್ಟಿತ್ತು. ಬೆಟ್ಟಕ್ಕೆ ಹೊರಟ ಅಜ್ಜಿಯೊಬ್ಬರು ಮೊಮ್ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿ ನಿದ್ದೆ ಹೋದರಂತೆ. ಆ ಮಗುವನ್ನು ಸುಮ್ಮನಿರಿಸಲು ಹಿಂದಿನ ಸೀಟಿನವರೆಲ್ಲ ಹಾಡಿದರಂತೆ, ಇವನು ಎಲ್ಲರಿಗಿಂತ ಜೋರಾಗಿ. ಮಾದೇಶ ಬೈಕು ತಳ್ಳಿಕೊಂಡು ಬೆವರುತ್ತ ಬಂದ. "ಏನ್ಲಾ ನಿಂದು! ಸಾವ್ಕಾರ್ ಮಗ ಅಂತಾರ, ಟ್ಯಾಂಕ್ನಲ್ಲಿ ತೊಟ್ಟು ಪೆಟ್ರೋಲ್ ಇಲ್ಲ!" ಪ್ರಜ್ವಲ್ ಕಟ್ಟಿದ ಗಂಟಲಲ್ಲೇ, "ಅಪ್ಪ ಅಳೆದು ಅಳೆದು ಹಾಕಿಸ್ತಾರೆ ಕಣೋ" ಎಂದ. ಮಾದೇಶ ಬೈಕಿಗೆ ಸ್ಟ್ಯಾಂಡ್ ಹಾಕಿದ. ಆಮೇಲೆ "ಬಾ, ಟೀ ಕುಡಿಯವ" ಎಂದು ಹೆಗಲ ಮೇಲೆ ಕೈಹಾಕಿದ.

ಟೀ ಕುಡಿದು ಬಂದವರು ನನ್ನ ನಾಟಕವನ್ನು ಪಕ್ಕಕ್ಕಿಟ್ಟು ತಾವೇ ಹೊಸದೊಂದು ಕಟ್ಟಿದರು. ತಾಲೀಮಿಗೆ ನನ್ನನ್ನು ಬಿಟ್ಟುಕೊಳ್ಳಲಿಲ್ಲ. "ಸರ್‌ಪ್ರೈಸ್ ಸಾ" ಎಂದರು. ವಾರ್ಷಿಕೋತ್ಸವಕ್ಕೆ ಗಿರಿಜಾಳನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಬಸ್ಸಿತ್ತು, ಬೈಕಿತ್ತು, ಹಾಡುಗಳಂತೂ ಬೇಕಾದಷ್ಟು. ಖಳನಾಯಕ ಮಾತ್ರ ಕಾಣಲಿಲ್ಲ. ಅಷ್ಟರಲ್ಲಿ ನಂದಿನಿ ಬಂದಳು. ಮೂಗಿನ ತುದಿಗೆ ನನ್ನಂಥದೇ ಕನ್ನಡಕ, ಹೊಟ್ಟೆಗೆ ದಿಂಬು, ಕೈಯಲ್ಲಿ ಕಾರಿನ ಸ್ಟೇರಿಂಗು. ಬಿಸಿಲಲ್ಲಿ ಬಸ್ಸು ಕಾಯುತ್ತ ನಿಂತ ಹುಡುಗರ ಮುಂದೆ ಕಾರು ನಿಧಾನ ಮಾಡಿ, "ಅಯ್ಯೋ, ಎಂಥ ಬಡತನ! ಎಂಥ ಬಿಸಿಲು!" ಎಂದು ಕಣ್ಣೊರೆಸಿಕೊಂಡು, ಗಾಜು ಏರಿಸಿ, ಭರ್ರನೆ ಹೊರಟುಹೋದಳು. ಪಾಸಿನವರು, ಪೆಟ್ರೋಲಿನವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಪಕ್ಕದಲ್ಲಿ ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳು ನನ್ನ ಸಾಹಿತ್ಯವನ್ನು ಇಷ್ಟು ಆನಂದಿಸಿದ್ದು ಅದೇ ಮೊದಲು.

ಮಾರನೆಯ ಸಂಜೆ ಬಸ್ ನಿಲ್ದಾಣದ ಹತ್ತಿರ ಕಾರು ನಿಲ್ಲಿಸಿ, ಗಾಜು ಇಳಿಸಿ, "ಹತ್ತಿ ಎಲ್ಲ, ಹನೂರಿಗೇ ಬಿಟ್ಟುಬರ್ತೀನಿ" ಎಂದೆ. ಮಾದೇಶ ಬಗ್ಗಿ ಒಳಗೆ ನೋಡಿದ. ಅವನ ಬೆನ್ನ ಹಿಂದೆ ಪ್ರಜ್ವಲ್ ನಿಂತಿದ್ದ, ಅವನೂ ಬಸ್ಸು ಕಾಯುತ್ತ.

"ಬ್ಯಾಡ ಸಾ. ಬಸ್ನಲ್ಲಿ ನಮ್ಮುಡುಗ್ರು ಸೀಟ್ ಇಡೀತಾರ. ಬರದಾರ ನೀವೇ ಬನ್ನಿ, ನಿಮ್ಗೂ ಒಂಚೂರು ಜಾಗ ಮಾಡ್ಸ್ತೀವಿ" ಎಂದ, ತುಂಬ ಪ್ರೀತಿಯಿಂದ.

ಬಸ್ಸು ಬಂದು ನಿಂತಿತು. ಬಾಗಿಲಲ್ಲಿ ಆಗಲೇ ಜನ ನೇತಾಡುತ್ತಿದ್ದರು. ನಾನು ಒಮ್ಮೆ ಬಸ್ಸನ್ನು, ಒಮ್ಮೆ ಅವನ ಮುಖವನ್ನು ನೋಡಿದೆ.

"ನಂಗೆ ಸೊಂಟನೋವು ಕಣಪ್ಪ" ಎಂದು ಹೇಳಿ ಗಾಜು ಏರಿಸಿದೆ.