ಸಾಸಿವೆ ಸುಮ್ಮನಾದ ದಿನ

ಸಾಸಿವೆ ಒಂದು ಬೊಗಸೆಯಲ್ಲಿ ಹಿಡಿಸುವಷ್ಟು ಚಿಕ್ಕ ನಾಯಿ. ಗಂಟಲು ಮಾತ್ರ ಯಾವುದೋ ಕರುವಿನಷ್ಟು ದೊಡ್ಡ ನಾಯಿಯಿಂದ ಕಡ ತಂದ ಹಾಗಿತ್ತು. ಅಪರಿಚಿತರನ್ನು ಕಂಡರೆ ಅದು ಬೊಗಳುತ್ತಿರಲಿಲ್ಲ, ಬಾಲ ಅಲ್ಲಾಡಿಸುತ್ತಿತ್ತು. ತನ್ನನ್ನು ಯಾರೂ ನೋಡುತ್ತಿಲ್ಲ ಅನ್ನಿಸಿದಾಗ ಮಾತ್ರ ಬೊಗಳುತ್ತಿತ್ತು. ಅದರ ಯಜಮಾನನ ಕಸುಬು ಇಡೀ ದಿನ ತಲೆ ತಗ್ಗಿಸಿ ಬೇರೊಂದನ್ನು ನೋಡುವಂಥದ್ದು. ಆತ ಮನೆಯ ಮುಂದಿನ ಕೋಣೆಯಲ್ಲೇ ಕೂತು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ಕಟ್ಟುತ್ತಿದ್ದ. ಕಟ್ಟಡದವರೆಲ್ಲ ಅವನನ್ನು ಬೈಂಡರ್ ಎಂದೇ ಕರೆಯುತ್ತಿದ್ದರು.

ಆವತ್ತು ಬೆಳಿಗ್ಗೆ ಎರಡು ಬೀದಿ ಆಚೆ ವಾಸವಿದ್ದ ಕಟ್ಟಡದ ಮಾಲೀಕರು ಬಂದು ಬಾಗಿಲಲ್ಲೇ ನಿಂತರು.

“ನೋಡಿ ಬೈಂಡರ್, ಇಡೀ ಕಟ್ಟಡದಿಂದ ದೂರು ಬಂದಿದೆ. ಸಂಜೆ ಆರು ಗಂಟೆಗೆ ಮತ್ತೆ ಬರ್ತೀನಿ. ಆಗ ಈ ಮನೆಯಿಂದ ಒಂದು ಬೊಗಳೋ ಶಬ್ದ ಕೇಳಿದ್ರೂ ನಾಯೀನ ಕಳಿಸಿಬಿಡಬೇಕು. ಇಲ್ಲಾಂದ್ರೆ ಬೇರೆ ಮನೆ ನೋಡ್ಕೋಬೇಕು.”

ಈ ಮಾತಿಗೆ ಸಾಸಿವೆ ಇಪ್ಪತ್ತು ಸಲ ಉತ್ತರ ಕೊಟ್ಟಿತು.

ಬೈಂಡರನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಆಕೆ ಗಂಡನಿಗೆ ಪಾಠ ಹೇಳಿದಳು. “ಅದು ಬೊಗಳೋದು ನಾವು ನೋಡಲಿ ಅಂತ. ಬೊಗಳಿದಾಗ ನೋಡಬೇಡಿ, ಮಾತಾಡಬೇಡಿ, ಗದರಲೂಬೇಡಿ. ಎದ್ದು ಗೋಡೆ ಕಡೆ ತಿರುಗಿ ನಿಂತುಬಿಡಿ. ಸುಮ್ಮನಾಯ್ತೋ, ತಕ್ಷಣ ಒಂದು ಚೂರು ಬಿಸ್ಕತ್ತು. ಅಷ್ಟೇ.”

“ಇಡೀ ದಿನ ಗೋಡೆ ನೋಡ್ತಾ ನಿಂತ್ರೆ ಕೆಲಸ? ನಾಳೆ ಲೈಬ್ರರಿಗೆ ನಿಘಂಟುಗಳನ್ನ ಕೊಡಬೇಕು ಕಣೇ.”

“ಹಾಗಾದ್ರೆ ಸಾಸಿವೆ ಇಲ್ಲದ ಮನೆಗೆ ನಾನು ಸಂಜೆ ಬರಬೇಕಾ?” ಎಂದಳು ಆಕೆ. ಅವಳ ದನಿ ಸಣ್ಣಗಾದದ್ದು ಕೇಳಿ ಬೈಂಡರ್ ಬಿಸ್ಕತ್ತಿನ ಡಬ್ಬಿ ಕೈಗೆತ್ತಿಕೊಂಡ. ಅವನಿಗೂ ಆ ಪುಟ್ಟ ಪ್ರಾಣಿಯ ಮೇಲೆ ಜೀವ.

ಒಂಬತ್ತಕ್ಕೆ ಪಾಠ ಶುರುವಾಯಿತು. ಸಾಸಿವೆ ಬೊಗಳಿತು, ಬೈಂಡರ್ ಎದ್ದು ಗೋಡೆಗೆ ಮುಖ ಮಾಡಿದ. ಅದಕ್ಕೆ ಇದು ಹೊಸ ಆಟ ಅನ್ನಿಸಿತೋ ಏನೋ, ಇನ್ನೂ ಜೋರು ಮಾಡಿತು. ಬೈಂಡರ್ ಗೋಡೆಯ ಸುಣ್ಣದಲ್ಲಿದ್ದ ಬಿರುಕುಗಳನ್ನೆಲ್ಲ ಬಾಯಿಪಾಠ ಮಾಡಿದ. ಬೊಗಳಾಟ ನಿಂತಿತು. ಬಿಸ್ಕತ್ತು ಕೊಟ್ಟ. ಕೂತು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಮತ್ತೆ “ಬೌ!” ಮತ್ತೆ ಗೋಡೆ. ಹನ್ನೊಂದರ ಹೊತ್ತಿಗೆ ಅವನು ಒಂದು ನಿಘಂಟಿಗೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿದ್ದ, ಇನ್ನೊಂದರ ಬೆನ್ನಿಗೆ ತನ್ನ ಅಂಗಿಯ ತೋಳನ್ನೂ ಸೇರಿಸಿ ಹೊಲಿದಿದ್ದ.

ಅವನು ಆ ನಿಘಂಟನ್ನು ತೋಳಿಗೆ ನೇತುಹಾಕಿಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದಾಗಲೇ ಎದುರು ಮನೆಯ ನಿವೃತ್ತ ಮೇಷ್ಟ್ರು ಒಳಗೆ ಬಂದರು. ನಲವತ್ತು ವರ್ಷ ಬೇರೆಯವರನ್ನು ಸುಮ್ಮನಿರಿಸಿ ಸಂಬಳ ತೆಗೆದುಕೊಂಡವರು ಅವರು.

“ಏನ್ರೀ ಬೈಂಡರ್, ಆ ನಾಯಿ ಬಾಯಿ ಮುಚ್ಚಿಸೋಕಾಗಲ್ವಾ?”

ಸಾಸಿವೆ ಬೊಗಳುತ್ತಿರುವಾಗ ಮಾತಾಡುವ ಹಾಗಿಲ್ಲ. ಬೈಂಡರ್ ಬೆನ್ನ ಹಿಂದೆ ಕೈ ತಂದು ಬೆರಳಲ್ಲೇ ಏನೋ ಸನ್ನೆ ಮಾಡಿದ.

“ನಾನು ಗೋಡೆ ಹತ್ತಿರ ಮಾತಾಡ್ತಿದ್ದೀನಾ?”

ಮೇಷ್ಟ್ರ ಈ ಗುಡುಗಿಗೆ ಸಾಸಿವೆ ಬೆಚ್ಚಿ ಸುಮ್ಮನಾಯಿತು. ಬೈಂಡರ್ ಗರ್ರನೆ ತಿರುಗಿ, ಮೇಷ್ಟ್ರನ್ನು ದಾಟಿ ಹೋಗಿ, ನಾಯಿಯ ಬಾಯಿಗೆ ಬಿಸ್ಕತ್ತಿಟ್ಟು, “ಜಾಣ ಮರಿ! ಬಂಗಾರ!” ಎಂದ. ತಮಗೆ ‘ಕೂತ್ಕೊಳ್ಳಿ’ ಎಂದೂ ಅನ್ನದವನು ನಾಯಿಗೆ ಉಪಚಾರ ಮಾಡುವುದನ್ನು ಕಂಡು ಮೇಷ್ಟ್ರು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದರು.

ಮಧ್ಯಾಹ್ನ ಮಹಡಿಯ ಟೈಲರಮ್ಮ ಇಳಿದು ಬಂದರು. ಅವರದು ಬೆಣ್ಣೆಯಂಥ ಮನಸ್ಸು. ಅದೇ ತೊಂದರೆಯಾಯಿತು.

“ಅಯ್ಯೋ, ಕೂಸು ಆವಾಗಿಂದ ಕೂಗ್ತಿದೆ, ನೀವು ಬೆನ್ನು ತಿರುಗಿಸಿ ನಿಂತಿದ್ದೀರಲ್ಲ! ಬಾರೋ ನನ್ನ ರಾಜಾ!” ಎಂದು ಅದನ್ನು ಎತ್ತಿ ಎದೆಗವಚಿಕೊಂಡರು. ಬೆಳಗಿನಿಂದ ಕಟ್ಟಿದ ಪಾಠ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಬೈಂಡರ್ ಕೈಮುಗಿದು ನಿಯಮವನ್ನೆಲ್ಲ ವಿವರಿಸಿದ. ಟೈಲರಮ್ಮ ನಾಯಿಯನ್ನು ಕೆಳಗಿಳಿಸಿ, “ಕಲ್ಲೆದೆ ಕಣ್ರೀ ನಿಮ್ದು” ಎಂದು ಮಹಡಿ ಹತ್ತಿದರು.

ಬೈಂಡರ್ ಬಾಗಿಲು ಹಾಕಿ ಹಟಕ್ಕೆ ಬಿದ್ದ. ಮೂರು ಗಂಟೆಗೆ ಬೊಗಳಾಟ ಗುರುಗುಟ್ಟುವಿಕೆಗೆ ಇಳಿಯಿತು. ಮೂರೂವರೆಗೆ ಗುರುಗುಟ್ಟುವುದೂ ನಿಂತಿತು. ನಾಲ್ಕಕ್ಕೆ ಸಾಸಿವೆ ಅವನ ಮುಂದೆ ಬಂದು, ಮುಂಗಾಲು ಜೋಡಿಸಿ ಕೂತು, ತುಟಿಪಿಟಕ್ಕೆನ್ನದೆ ಅವನನ್ನೇ ನೋಡತೊಡಗಿತು. ಬೈಂಡರ್ ಉಸಿರು ಬಿಗಿಹಿಡಿದು ಒಂದು ಇಡೀ ನಿಘಂಟು ಹೊಲಿದ. ಶಬ್ದವಿಲ್ಲ. ಅವನ ಕಣ್ಣಲ್ಲಿ ನೀರೇ ಬಂತು.

ಆದರೆ ಆ ಕಟ್ಟಡಕ್ಕೆ ಮೌನ ಅಭ್ಯಾಸವಿರಲಿಲ್ಲ. ಐದೂವರೆಗೆ ಬಾಗಿಲು ಬಡಿದ ಸದ್ದಾಯಿತು. ಮೇಷ್ಟ್ರು, ಅವರ ಹಿಂದೆ ಟೈಲರಮ್ಮ.

“ಎರಡು ಗಂಟೆ ಕಾಲದಿಂದ ಸದ್ದೇ ಇಲ್ಲ. ಏನು ಮಾಡಿದ್ರಿ ಅದಕ್ಕೆ?” ಎಂದರು ಮೇಷ್ಟ್ರು.

“ಏನೂ ಇಲ್ಲ. ಕಲಿಸಿದೆ.”

“ನಲವತ್ತು ವರ್ಷ ಕಲಿಸಿದೋನು ನಾನು. ಒಂದೇ ದಿನಕ್ಕೆ ಯಾರೂ ಏನೂ ಕಲಿಯಲ್ಲ. ನಿಮ್ಮ ಮನೆಯವರು ಆಸ್ಪತ್ರೇಲಿರೋದು ನನಗೆ ಗೊತ್ತಿಲ್ವಾ? ಅಲ್ಲಿಂದ ನಿದ್ದೆ ಮಾತ್ರೆ ತರಿಸಿ ತಿನ್ನಿಸಿದ್ದೀರಿ!”

“ಅಯ್ಯಯ್ಯೋ, ಕೂಸಿನ ಕಣ್ಣು ನೋಡಿ, ಹೇಗೆ ನೆಟ್ಟಿದೆ!” ಎಂದು ಟೈಲರಮ್ಮ ಸೆರಗು ಬಾಯಿಗಿಟ್ಟುಕೊಂಡರು.

ಅದು ನೆಟ್ಟಿದ್ದದ್ದು ಬಿಸ್ಕತ್ತಿನ ಡಬ್ಬಿಯ ಮೇಲೆ. ಬೈಂಡರ್ ಹೇಳಿ ನೋಡಿದ, ಯಾರು ಕೇಳುತ್ತಾರೆ?

“ನಾಳೆ ಬೆಳಿಗ್ಗೆ ನಾನೇ ಆಸ್ಪತ್ರೆಗೆ ಹೋಗಿ ವಿಚಾರಿಸ್ತೀನಿ,” ಎಂದರು ಮೇಷ್ಟ್ರು.

ನಾಯಿಯ ದೆಸೆಯಿಂದ ಹೆಂಡತಿಯ ಕೆಲಸಕ್ಕೇ ಕುತ್ತು! ಬೈಂಡರ್ ಗಡಿಯಾರ ನೋಡಿದ. ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಈಗ ಒಂದು ಸಲ ಬೊಗಳಿಸಿ ತೋರಿಸಿದರೆ ಇವರ ಅನುಮಾನ ಕಳೆಯುತ್ತದೆ, ಮಾಲೀಕರು ಬರುವಷ್ಟರಲ್ಲಿ ಮತ್ತೆ ಸುಮ್ಮನಿರಿಸಿದರಾಯಿತು.

“ಸಾಸಿವೆ, ಬೊಗಳು ಮರಿ. ಒಂದೇ ಒಂದು ಸಲ.”

ಸಾಸಿವೆ ಬಾಯಿ ಬಿಗಿದುಕೊಂಡು ಬಾಲ ಅಲ್ಲಾಡಿಸಿತು. ಬೈಂಡರ್ ಚಪ್ಪಾಳೆ ತಟ್ಟಿದ. ನೆಲ ಒದ್ದ. ತಲೆಯ ಮೇಲೆ ರಟ್ಟು ಇಟ್ಟುಕೊಂಡು ಕುಣಿದ. ಕೊನೆಗೆ ಬೇರೆ ದಾರಿ ಕಾಣದೆ ಮಂಡಿಯೂರಿ, ಎರಡೂ ಕೈ ನೆಲಕ್ಕೂರಿ, ಬಾಯಿಬಿಟ್ಟು ಬೊಗಳಿದ.

“ಬೌ! ಬೌ ಬೌ!”

ಸಾಸಿವೆ ಅವನನ್ನು ಕ್ಷಣಕಾಲ ನೋಡಿತು. ಆಮೇಲೆ ನಿಧಾನವಾಗಿ ಎದ್ದು, ಅವನಿಗೆ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತಿತು.

“ಯಾರದು ಬೊಗಳಿದ್ದು?”

ಬಾಗಿಲಲ್ಲಿ ಮಾಲೀಕರು! ಐದು ನಿಮಿಷ ಮೊದಲೇ ಬಂದಿದ್ದರು. ಬೈಂಡರ್ ನಾಲ್ಕು ಕಾಲಲ್ಲೇ ಇದ್ದ.

“ನಾಯಿ ಅಲ್ಲ, ಇವರು,” ಎಂದರು ಮೇಷ್ಟ್ರು. ಎಷ್ಟೇ ಕೋಪವಿದ್ದರೂ ಸುಳ್ಳು ಹೇಳುವವರಲ್ಲ ಅವರು. ಗೋಡೆ ನೋಡುತ್ತಿದ್ದ ನಾಯಿಯತ್ತ ಕೈ ತೋರಿಸಿ, “ಅದಕ್ಕೆ ಮಾತ್ರೆ ಗೀತ್ರೆ ಕೊಟ್ಟಿಲ್ಲ ಬಿಡಿ. ಇಷ್ಟು ಶಿಸ್ತಿನ ವಿದ್ಯಾರ್ಥಿ ನನಗೆ ಒಬ್ಬನೂ ಸಿಗಲಿಲ್ಲ,” ಎಂದು ಸೇರಿಸಿದರು.

ಮಾಲೀಕರು ಸಾಸಿವೆಯನ್ನು ಸುತ್ತು ಹಾಕಿ ನೋಡಿದರು. “ಇದನ್ನ ಇವತ್ತೊಂದೇ ದಿನದಲ್ಲಿ ಹೀಗೆ ಮಾಡಿದ್ರಾ?”

“ಹೌದು,” ಎಂದು ಬೈಂಡರ್ ಎದ್ದು ಮಂಡಿ ಒರೆಸಿಕೊಂಡ.

“ಭೇಷ್! ನಾಯಿ ಇರಲಿ. ನೀವೂ ಇರಿ. ಬರ್ತೀನಿ, ಸ್ವಲ್ಪ ಕೂತಿರಿ.” ಅವರು ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದರು.

ಮೇಷ್ಟ್ರೂ ಟೈಲರಮ್ಮನೂ ಸಮಾಧಾನದಿಂದ ಮನೆಗೆ ಹೋದರು. ಬೈಂಡರ್ ಸಾಸಿವೆಯನ್ನು ಮಡಿಲಲ್ಲಿ ಕೂರಿಸಿಕೊಂಡು ಉಳಿದ ಬಿಸ್ಕತ್ತನ್ನೆಲ್ಲ ತಿನ್ನಿಸಿದ. ಅರ್ಧ ಗಂಟೆಯಲ್ಲಿ ಮಾಲೀಕರು ಏದುಸಿರು ಬಿಡುತ್ತ ವಾಪಸಾದರು. ಕೈಯಲ್ಲೊಂದು ದೊಡ್ಡ ಮುಚ್ಚಿದ ಬುಟ್ಟಿ.

“ಮಧ್ಯಾಹ್ನ ಊರಿಂದ ನನ್ನ ತಂಗಿ ಬಂದಿಳಿದಳು. ಒಂದು ತಿಂಗಳು ಇರ್ತಾಳಂತೆ. ಜೊತೆಗೆ ಇವು. ನನ್ನ ಕಿವಿ ಮೂರೇ ಗಂಟೆಯೊಳಗೆ ಸೋತುಹೋಯ್ತು. ನೀವು ಒಂದಕ್ಕೆ ಒಂದು ದಿನ ತಗೊಂಡಿದ್ದೀರಿ. ಇವಕ್ಕೆ ನಾಲ್ಕು ದಿನ ತಗೊಳ್ಳಿ, ಅವಸರ ಇಲ್ಲ!”

ಬುಟ್ಟಿಯನ್ನು ನಿಘಂಟುಗಳ ಪಕ್ಕದಲ್ಲಿಟ್ಟು, ಬೈಂಡರ್ ಬಾಯಿ ತೆರೆಯುವುದರೊಳಗೆ ಮಾಯವಾದರು. ಮುಚ್ಚಳ ತಾನಾಗಿಯೇ ಸರಿಯಿತು. ನಾಲ್ಕು ಮರಿಗಳು, ಒಂದೊಂದೂ ಸಾಸಿವೆಗಿಂತ ಚಿಕ್ಕವು. ಎಂಟು ಕಣ್ಣುಗಳು ಬೈಂಡರನನ್ನು ಹುಡುಕಿದವು. ಅವನು ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿದ.

ಏಳಕ್ಕೆ ಹೆಂಡತಿ ಬಂದಾಗ ಅವನು ಇನ್ನೂ ಹಾಗೇ ನಿಂತಿದ್ದ. ಕೋಣೆಯಲ್ಲಿ ಕಿವಿಯ ಮೇಲೆ ಕೈ ಇಡದೆ ನಿಲ್ಲುವಂತಿರಲಿಲ್ಲ.

“ಇದೇನ್ರೀ ಇದು, ನಾಯಿ ಸಂತೆ?” ಎಂದು ಆಕೆ ಕೂಗಿ ಕೇಳಿದಳು. “ಇದರಲ್ಲಿ ನಮ್ಮ ಸಾಸಿವೆ ಎಲ್ಲಿ?”

“ಬೊಗಳದೆ ಇರೋದು ನಮ್ಮದು,” ಎಂದ ಬೈಂಡರ್, ಗೋಡೆಗೆ ಮುಖವಿಟ್ಟುಕೊಂಡೇ, ಕೊಂಚ ಜಂಬದಿಂದ.

ಹೆಂಡತಿ ಬಗ್ಗಿ ಒಂದೊಂದನ್ನೇ ನೋಡಿದಳು.

“ರೀ, ಐದೂ ಬೊಗಳ್ತಿವೆಯಲ್ರೀ!”