ನನ್ನ ಅಪೆಂಡಿಕ್ಸಿಗೆ ಇಬ್ಬರು ಸಾಕ್ಷಿದಾರರು

ವಿಮಾ ಕಂಪನಿಯ ಜೊತೆ ಜಗಳವಾಡಲು ವಕೀಲರು ಬೇಕು ಎಂದು ಅನೇಕರು ತಪ್ಪು ತಿಳಿದಿದ್ದಾರೆ. ಬಸವಕಲ್ಯಾಣದಲ್ಲಿ ಇಷ್ಟು ವರ್ಷ ಪಾತ್ರೆ ಅಂಗಡಿ ನಡೆಸಿ, ಬಂದ ಗಿರಾಕಿಯನ್ನೆಲ್ಲ ಒಪ್ಪಿಸಿದವನು ನಾನು. ಒಂದು ಕಂಪನಿಯನ್ನು ಒಪ್ಪಿಸುವುದು ಯಾವ ದೊಡ್ಡ ಮಾತು!

ಸಂಗತಿ ಇಷ್ಟೇ. ವರ್ತಕರ ತಂಡದ ಜೊತೆ ನಾನೂ ನನ್ನ ಹೆಂಡತಿ ಮಹಾನಂದಾಳೂ ಬ್ಯಾಂಕಾಕಿಗೆ ಹೋಗಿದ್ದೆವು. ಅಲ್ಲಿ ನನ್ನ ಅಪೆಂಡಿಕ್ಸ್ ಕೈಕೊಟ್ಟಿತು. ಅದುವರೆಗೆ ಒಂದು ದಿನವೂ ಹೊಟ್ಟೆನೋವು ಕಾಣದ ನಾನು ಪರದೇಶದಲ್ಲಿ ಹೊಟ್ಟೆ ಕೊಯ್ಯಿಸಿಕೊಂಡೆ. ಖಡಕ್ ರೊಟ್ಟಿ ಮಾರಿ ಮಹಾನಂದಾ ಕೂಡಿಟ್ಟಿದ್ದ ದುಡ್ಡೆಲ್ಲ ಆಸ್ಪತ್ರೆಗೆ ಹೋಯಿತು. ಅದು ಅವಳು ರೊಟ್ಟಿ ಮಾಡುವ ಮಷೀನಿಗೆಂದು ತೆಗೆದಿಟ್ಟ ದುಡ್ಡು. ಅವಳ ಮುಖ ನೋಡಿ ಹೊಲಿಗೆಗಿಂತ ಹೆಚ್ಚು ನೋವಾಯಿತು.

"ಪ್ರವಾಸದ ವಿಮಾ ಅದ. ಒಂದ ಪೈಸಾ ಬಿಡಂಗಿಲ್ಲ. ನಿನ್ನ ಮಷೀನ ನಾನೇ ತರ್ತೇನಿ!" ಎಂದು ಆಸ್ಪತ್ರೆಯ ಮಂಚದ ಮೇಲಿಂದಲೇ ಘೋಷಿಸಿದೆ.

ಊರಿಗೆ ಬಂದಮೇಲೆ ಕಂಪನಿ ತಕರಾರು ತೆಗೆಯಿತು. ಹೊಟ್ಟೆನೋವು ಪ್ರವಾಸಕ್ಕೆ ಮೊದಲೇ ಇದ್ದಿರಬಹುದಂತೆ, ಹಳೆಯ ರೋಗಕ್ಕೆ ಹಣ ಇಲ್ಲವಂತೆ, ವಿಚಾರಣೆಗೆ ಅಧಿಕಾರಿ ಬರುತ್ತಾರಂತೆ! ತಕ್ಷಣ ಹುಮನಾಬಾದಿನ ಬಸ್ಸು ಹತ್ತಿದೆ. ಈ ಪಾಲಿಸಿ ಮಾಡಿಸಿಕೊಟ್ಟ ಏಜೆಂಟ್ ಅಲ್ಲಿದ್ದಾನೆ. ಬೇರೆ ಯಾರೂ ಅಲ್ಲ, ಮಹಾನಂದಾಳ ತಮ್ಮ ಸಂಗಮೇಶ.

"ಮಾಮಾ, ಮೊದಲ ನೋವ ಇದ್ದಿದ್ದಿಲ್ಲ ಅಂತ ಹೇಳ್ರಿ. ಆಮ್ಯಾಲ ಸುಮ್ಮ ಕೂಡ್ರಿ," ಎಂದ.

ಸುಮ್ಮನೆ ಕೂಡುವುದು ನನ್ನ ಜಾತಕದಲ್ಲೇ ಇಲ್ಲ. ತಿರುಗಿ ಬರುವಾಗ ಬಸ್ಸಿನಲ್ಲೇ ಒಂದು ತೀರ್ಮಾನಕ್ಕೆ ಬಂದೆ. ಸಾಕ್ಷಿ ಬೇಕು!

"ಖರೇ ಹೇಳಾಕ ಸಾಕ್ಷಿ ಯಾಕ್ರಿ? ಯಾರನ್ನೂ ಕರಿಬ್ಯಾಡ್ರಿ," ಎಂದಳು ಮಹಾನಂದಾ.

"ನಿನಗ ಕಾನೂನ ತಿಳ್ಯಂಗಿಲ್ಲ, ಸುಮ್ನಿರು," ಎಂದೆ. ನನಗೆ ತಿಳಿದಿತ್ತೆಂದಲ್ಲ.

ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಕಾಶೀನಾಥಪ್ಪನವರಿಗೂ ಎದುರು ಮನೆಯ ರಜಿಯಾ ಆಪಾಗೂ ಹೇಳಿ ಬಂದೆ. "ನಾಳಿ ಸಾಹೇಬರು ಬರ್ತಾರ. ಕ್ಲೇಮ್ ಪಾಸಾಗಬೇಕು. ನನ್ನ ಪರ ನಾಕ ಮಾತ ಹೇಳ್ರಿ." ಯಾವ ನಾಲ್ಕು ಮಾತು ಎಂದು ಮಾತ್ರ ಹೇಳಲಿಲ್ಲ. ಅಲ್ಲೇ ಕೆಟ್ಟೆ! ನಮ್ಮ ಓಣಿಯಲ್ಲಿ ರೋಗಿಯ ಪರ ಮಾತಾಡುವುದೆಂದರೆ ಅವನ ರೋಗವನ್ನು ದೊಡ್ಡದು ಮಾಡುವುದು. ಮಾತಾಡಿಸಲು ಬಂದವರು ನೆಗಡಿಯನ್ನು ನ್ಯುಮೋನಿಯಾ ಮಾಡದೆ ಎದ್ದು ಹೋದರೆ ಮನೆಯವರಿಗೆ ಬೇಜಾರಾಗುತ್ತದೆ.

ಮರುದಿನ ಅಧಿಕಾರಿ ಬಂದರು. ಮಂಡಕ್ಕಿ ಸುಸಲಾ ತಿಂದು, ಚಹಾ ಕುಡಿದು, ಮೆಲ್ಲಗೆ ಕೇಳಿದರು: "ಪ್ರವಾಸಕ್ಕೆ ಮೊದಲು ಇವರಿಗೆ ಹೊಟ್ಟೆನೋವು ಇತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಶೀನಾಥಪ್ಪ ಮುಂದೆ ಬಂದರು.

"ಇತ್ತಾ ಅಂತ ಕೇಳ್ತೀರಲ್ರಿ ಸಾಹೇಬ್ರ! ಸಣ್ಣ ಹುಡುಗ ಇದ್ದಾಗಿಂದ ಹೊಟ್ಟಿ ಹಿಡ್ಕೊಂಡೇ ಅಡ್ಡಾಡ್ಯಾರ!"

ನಾನು ಅವರ ಅಂಗಿ ಜಗ್ಗಿದೆ. ಅದನ್ನು ಅವರು ಶಭಾಷ್‌ಗಿರಿ ಎಂದುಕೊಂಡರು. "ಒಮ್ಮೆ ನನ್ನ ಬಸ್ಸಿನಾಗ ಹೊಳ್ಯಾಡಿ ಅತ್ತಾರ್ರಿ!"

ರಜಿಯಾ ಆಪಾ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಿಚಾರಾ! ತಮ್ಮ ಸ್ವಂತ ಲಗ್ನದಾಗ ಸೈತ ನೋವ ತಿಂದಾರ್ರಿ. ನಾ ಕಣ್ಣಾರೆ ನೋಡೇನಿ." ಆಪಾ ನಮ್ಮ ಓಣಿಗೆ ಬಂದದ್ದೇ ನನ್ನ ಮಗಳ ಲಗ್ನವಾದ ಮೇಲೆ!

"ಸುಳ್ಳ್ರಿ ಸಾಹೇಬ್ರ! ನನಗ ನೋವೇ ಇದ್ದಿದ್ದಿಲ್ಲ!" ಎಂದು ಕೂಗಿದೆ.

"ನೋಡ್ರಿ, ಎಂಥಾ ಸಹನಶೀಲ ಮನುಷ್ಯಾ! ಈಗೂ ಬಾಯಿ ಬಿಡವಲ್ರು," ಎಂದರು ಕಾಶೀನಾಥಪ್ಪ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಆದರೂ ನಾನು ಸೋಲುವವನಲ್ಲ. ನನ್ನ ದೇಹದಾರ್ಢ್ಯವನ್ನು ಪ್ರತ್ಯಕ್ಷವಾಗಿ ಸಾಬೀತುಪಡಿಸಲು ನಿರ್ಧರಿಸಿದೆ. ಮೂಲೆಯಲ್ಲಿ ಮೋರಖಂಡಿಯಿಂದ ಬಂದ ಜೋಳದ ಚೀಲವಿತ್ತು. "ಮುಟ್ಟಬ್ಯಾಡ್ರಿ!" ಎಂದು ಮಹಾನಂದಾ ಚೀರುವಷ್ಟರಲ್ಲಿ ಎತ್ತಿಯೇ ಬಿಟ್ಟೆ. ಚೀಲ ಮೊಣಕಾಲಿನವರೆಗೆ ಬಂತು. ಆಮೇಲೆ ಅದೂ ಕೆಳಗೆ, ನಾನೂ ಕೆಳಗೆ! ಹೊಲಿಗೆಯ ಜಾಗ ಹಿಡಿದುಕೊಂಡು "ಅಯ್ಯಯ್ಯೋ, ಹೊಟ್ಟಿ!" ಎಂದು ಹೊರಳಾಡಿದೆ.

"ನಾ ಹೇಳಿದ್ದಿಲ್ರಿ?" ಎಂದರು ಕಾಶೀನಾಥಪ್ಪ, ಅಧಿಕಾರಿಯ ಕಡೆ ವಿಜಯದಿಂದ ನೋಡುತ್ತ. ಅಧಿಕಾರಿ ಪಾಪ ಒಳ್ಳೆಯವರು. ತಮ್ಮದೇ ಕಾರಿನಲ್ಲಿ ನನ್ನನ್ನು ಡಾಕ್ಟರ ಹತ್ತಿರ ಬಿಟ್ಟು, ವರದಿ ಬರೆಯಲು ಹೋದರು.

ಕ್ಲೇಮ್ ತಿರಸ್ಕಾರವಾಯಿತು. ರೋಗ ಬಾಲ್ಯದಿಂದಲೇ ಇದೆಯಂತೆ! ಮಾತು ತಿದ್ದಿ ಹೇಳಿ ಎಂದು ಸಾಕ್ಷಿದಾರರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಆದರೆ ಕಾಶೀನಾಥಪ್ಪ ಕದಲಲಿಲ್ಲ. "ಈಗ ಮಾತ ತಿರುವಿದ್ರ ನಿಮಗೇ ಕೆಟ್ಟ ಆಗ್ತದ್ರಿ. ನಾವು ಕಡೀತನಕ ನಿಮ್ಮ ಕಡೇನೇ!"

ಬ್ಯಾಂಕಾಕಿನ ಡಾಕ್ಟರರ ಕಾಗದ ಹಚ್ಚಿ ಮೇಲ್ಮನವಿ ಹಾಕಿದ್ದೇನೆ. ಅದನ್ನೂ ತಳ್ಳಿದರೆ ಗ್ರಾಹಕರ ಕೋರ್ಟು. ನಾನಂತೂ ಬಿಡುವುದಿಲ್ಲ!

ಮಹಾನಂದಾಳೂ ಬಿಡಲಿಲ್ಲ. "ಮಷೀನ ಬರೂತನಕ ನೀವೇ ನನ್ನ ಮಷೀನ," ಎಂದು ದಿನಾ ಬೆಳಿಗ್ಗೆ ಜೋಳದ ಹಿಟ್ಟಿನ ಮುಂದೆ ಕೂಡಿಸುತ್ತಾಳೆ. ನಾನು ಬಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ಅವನ್ನು ಗಿರಾಕಿಗೆ ಕೊಟ್ಟರೆ ಹೆಸರು ಕೆಡುತ್ತದೆಂದು ಎಲ್ಲವನ್ನೂ ನನ್ನ ತಾಟಿಗೇ ಹಾಕುತ್ತಾಳೆ. ತಿನ್ನುತ್ತಿದ್ದೇನೆ. ಈಗ ನಿಜವಾಗಿಯೂ ಹೊಟ್ಟೆನೋವು!