ರಿಟರ್ನ್ ಖಾಲಿ

ಎಂ.ಎ. ಓದಿ ಟ್ಯಾಕ್ಸಿ ಓಡಿಸುವವನಿಗೆ ಇಂಥದ್ದು ತಪ್ಪುವುದಿಲ್ಲ. ಡೊಂಬಿವ್ಲಿಯ ನಮ್ಮ ಸೊಸೈಟಿಯಲ್ಲಿ ಯಾರಿಗೆ ಜಿಎಸ್‌ಟಿ ಸಂದೇಹ ಬಂದರೂ ನನ್ನ ಬೆಲ್ ಒತ್ತುತ್ತಾರೆ. ನಾನು ಓದಿದ್ದು ಅರ್ಥಶಾಸ್ತ್ರ. ಅರ್ಥವಾಗದ್ದಕ್ಕೆಲ್ಲ ಅದೇ ಶಾಸ್ತ್ರ ಎಂದು ಅವರ ನಂಬಿಕೆ.

೧. ನನ್ನ ಪಾಲು

ಐರೋಲಿಯಲ್ಲಿ ಹತ್ತಿದ ಬೆಂಗಳೂರಿನವರೊಬ್ಬರು ಮೊಬೈಲಿನಲ್ಲಿ ಹಿಂದಿನ ದಿನದ ಟ್ಯಾಕ್ಸಿ ಬಿಲ್ ನೋಡಿ ಗೊಣಗಿದರು.

"ಇದರಲ್ಲೂ ಜಿಎಸ್‌ಟಿ! ನಿಮಗೆ ಕಟ್ಟಿ ಕಟ್ಟಿ ಸಾಕಾಯ್ತಪ್ಪ."

"ನನಗಲ್ಲ ಸಾರ್. ಆ್ಯಪ್ ಕಂಪನಿಯೇ ತಗೊಂಡು ಸರ್ಕಾರಕ್ಕೆ ಕಟ್ಟುತ್ತೆ. ಆ್ಯಪ್ ಬಾಡಿಗೆ ಮಾತ್ರ ಮಾಡೋ ನಮ್ಮಂಥ ಸಣ್ಣವರಿಗೆ ಜಿಎಸ್‌ಟಿ ನಂಬರೇ ಬೇಕಿಲ್ಲ."

"ಮತ್ತೆ ಇದರಲ್ಲಿ ನಿಮ್ಮ ಪಾಲಿಗೆ ಬರೋದೇನು?"

"ಮುಂಬ್ರಾ ಟ್ರಾಫಿಕ್."

೨. ಹಿಂದಿನ ಗಾಜು

ಜಿಎಸ್‌ಟಿ ನಂಬರ್ ಬೇಕಿಲ್ಲವೆಂದು ಎದುರು ಫ್ಲ್ಯಾಟಿನ ಅಣ್ಣನಿಗೂ ಹೇಳಿದೆ. ಮೂಡುಬಿದಿರೆಯವರು. ಇಪ್ಪತ್ತು ವರ್ಷ ಠಾಣೆಯ ಹೋಟೆಲಿನಲ್ಲಿ ದೋಸೆ ಹುಯ್ದು, ಸ್ವಂತ ಕಾರು ಮಾಡಿಕೊಂಡು, ನನ್ನದೇ ಆ್ಯಪಿಗೆ ಸೇರಿದವರು. ನಾನು ಹೇಳುವಷ್ಟರಲ್ಲಿ ಅವರು ಜಿಎಸ್‌ಟಿ ನಂಬರ್ ಮಾಡಿಸಿಯಾಗಿತ್ತು.

"ಬೇಡದಿದ್ದರೂ ಇರಲಿ ಮಾರಾಯಾ. ಅದಕ್ಕೊಂದು ವೆಯ್ಟ್ ಉಂಟು."

ವೆಯ್ಟು ಕಾಣಬೇಕಲ್ಲ? ಹದಿನೈದು ಅಕ್ಷರಗಳನ್ನೂ ಕಾರಿನ ಹಿಂದಿನ ಗಾಜಿಗೆ ದೊಡ್ಡದಾಗಿ ಅಂಟಿಸಿದರು. ಕಲ್ಯಾಣದ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಹವಾಲ್ದಾರ ಕಾರಿಗೆ ಎರಡು ಸುತ್ತು ಬಂದು ಕೇಳಿದನಂತೆ, "ಕಾಕಾ, ಹೇ ಕುಠಲ್ಯಾ ರಾಜ್ಯಾಚಂ ಪಾಸಿಂಗ್?" ಇದು ಯಾವ ರಾಜ್ಯದ ಗಾಡಿ ನಂಬರ್ ಎಂದು.

ಅಣ್ಣ ಎದೆಯುಬ್ಬಿಸಿ ಹೇಳಿದರಂತೆ: "ಸೆಂಟ್ರಲ್!"

೩. ರಿಟರ್ನ್

ಆರು ತಿಂಗಳಾದ ಮೇಲೆ ಜಿಎಸ್‌ಟಿ ಇಲಾಖೆಯ ನೋಟಿಸು ಬಂತು: ಒಂದೂ ರಿಟರ್ನ್ ಇಲ್ಲ, ಕಾರಣ ಕೊಡಿ. ಅಣ್ಣ ಕಾರಿಗೆ ಕವರ್ ಹೊದಿಸಿ ಮೂರು ದಿನ ಮನೆಯಲ್ಲೇ ಕೂತರು.

"ಕಾರು ಜಪ್ತಿ ಮಾಡ್ತಾರೆ ಮಾರಾಯಾ. ಈ ಮಂಡಿ ಇಟ್ಟುಕೊಂಡು ಪುನಃ ದೋಸೆ ಕಾವಲಿ ಎದುರು ನಿಲ್ಲಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ನಕ್ಕುಬಿಡಬಹುದಿತ್ತು, ಆದರೆ ಆ ಮಂಡಿಯನ್ನು ನಾನು ಮೆಟ್ಟಿಲ ಮೇಲೆ ದಿನಾ ನೋಡುತ್ತೇನೆ. ಠಾಣೆಯ ಟ್ಯಾಕ್ಸ್ ಸಲಹೆಗಾರ್ತಿಯೊಬ್ಬಳ ಬಳಿ ಕರೆದೊಯ್ದೆ. ಹುಬ್ಬಳ್ಳಿ ಮನೆತನದ ಹುಡುಗಿ, ಹುಟ್ಟಿದ್ದು ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಕೆಳಗೆ ಆಕೆಯ ಮಾತೆಲ್ಲ ನನ್ನ ತರ್ಜುಮೆ.

"ಅಂಕಲ್, ಆರು ತಿಂಗಳಿಂದ ರಿಟರ್ನ್ ಯಾಕಿಲ್ಲ?"

"ಅಂಬರನಾಥದಿಂದ ರಿಟರ್ನ್ ಎಲ್ಲಿ ಸಿಗ್ತದೆ ಮೇಡಂ? ಹೋಗುವಾಗ ಗಿರಾಕಿ ಉಂಟು, ಬರುವಾಗ ಖಾಲಿ."

"ಖಾಲಿಯಾದರೂ ತುಂಬಬೇಕು."

"ಎಂತದ್ದನ್ನು ತುಂಬುವುದು, ಗಾಳಿಯನ್ನಾ?"

ನಾನು ನಡುವೆ ಬಾಯಿ ಹಾಕಿದೆ. ಇಲ್ಲಿ ರಿಟರ್ನ್ ಎಂದರೆ ವಾಪಸು ಬರುವ ಬಾಡಿಗೆಯಲ್ಲ, ಇಲಾಖೆಗೆ ಒಪ್ಪಿಸುವ ವಿವರ ಎಂದೆ. ಅಣ್ಣ ನನ್ನನ್ನು, ಇದನ್ನು ಮೊದಲೇ ಬೊಗಳಬಾರದಿತ್ತಾ ಎಂಬಂತೆ ನೋಡಿದರು.

"ನೀವು ಕಟ್ಟುವ ತೆರಿಗೆ ಏನೂ ಇಲ್ಲ," ಎಂದಳು ಆಕೆ. "ಆದರೆ ನಂಬರ್ ತಗೊಂಡ ಮೇಲೆ ರಿಟರ್ನ್ ಹಾಕಲೇಬೇಕು. ಹಾಕದ್ದಕ್ಕೆ ದಂಡ."

"ಏನೂ ಇಲ್ಲದ್ದಕ್ಕೂ ದಂಡವಾ?"

"ಏನೂ ಇಲ್ಲ ಅಂತ ಬಂದು ಹೇಳದ್ದಕ್ಕೆ."

"ಓ," ಎಂದರು ಅಣ್ಣ. "ನಮ್ಮ ಮನೆಯಲ್ಲೂ ಅದೇ ಕಾನೂನು." ಆಮೇಲೆ ಮೆಲ್ಲಗೆ, "ಕಾರು?"

"ಕಾರನ್ನು ಯಾರೂ ಮುಟ್ಟುವುದಿಲ್ಲ. ಹಳೆಯ ರಿಟರ್ನ್ ಎಲ್ಲ ತುಂಬಿ ನಂಬರ್ ರದ್ದು ಮಾಡಿಸೋಣ."

ಮೂರು ದಿನದ ಉಸಿರನ್ನು ಅಣ್ಣ ಒಟ್ಟಿಗೆ ಬಿಟ್ಟರು. ಮಂಡಿನೋವು ಮರೆತು ಎದ್ದು, ಬಾಗಿಲ ತನಕ ಹೋದರು. ಹಿಂದಿನಿಂದ ಆಕೆ ಕೂಗಿದಳು:

"ಅಂಕಲ್, ನೆನಪಿರಲಿ. ರದ್ದಾದ ಮೇಲೆ ಮೂರು ತಿಂಗಳೊಳಗೆ ನಿಮ್ಮ ಫೈನಲ್ ರಿಟರ್ನ್!"

ಅಣ್ಣ ಚೌಕಟ್ಟು ಹಿಡಿದು ನಿಂತರು.

"ಮೂರೇ ತಿಂಗಳಾ ಮೇಡಂ? ಡಾಕ್ಟ್ರು ಕೂಡ ಇಷ್ಟು ಖಡಕ್ಕಾಗಿ ಹೇಳುವುದಿಲ್ಲ!"